ಉಪವಾಸದ ತಾಕಿನ ಕಪ್ಪು ಮಣ್ಣು

"ಎರಡೂ ಒಂದೇ ತಾಕಿನ ಮಣ್ಣಾ?" ಚಿರಂತನನ ದನಿ ಸಣ್ಣದಾಗಿತ್ತು.

"ಒಂದೇ ತಾಕಿನದು. ನಾನೇ ಅಗೆದು ತಂದದ್ದು," ಎಂದಳು ಇನ್‌ಸ್ಪೆಕ್ಟರ್ ಅನುಶ್ರೀ.

ಸಂಶೋಧನಾ ಕೇಂದ್ರದ ಜಗುಲಿಯ ಮೇಲೆ ಎರಡು ಕುಂಡಗಳಿದ್ದವು. ಎರಡರಲ್ಲೂ ಅವಳು ಒಂದೇ ದಿನ, ಒಂದೇ ಚೀಲದ ಗೋವಿನಜೋಳ ಬಿತ್ತಿದ್ದಳು. ಎಡಗಡೆಯ ಸಸಿಗಳು ಬಡಕಲು. ಎಲೆಯ ಅಂಚು ನೇರಳೆಗೆ ತಿರುಗಿ, ನಡು ಹಳದಿಯಾಗಿತ್ತು. ಬಲಗಡೆಯವು ಕಡುಹಸಿರು. ಕಾಂಡ ನೆಟ್ಟಗೆ ಗಟ್ಟಿಯಾಗುತ್ತಿತ್ತು.

ಕೇಂದ್ರದ ಮುಖ್ಯಸ್ಥ ಡಾ. ಪರಮೇಶ್ವರಪ್ಪ ತಮ್ಮದೇ ಮಣ್ಣಿನ ಕೋಣೆಯಲ್ಲಿ ತಲೆ ಒಡೆದು ಸತ್ತು ಬಿದ್ದು ಎರಡು ವಾರ ಕಳೆದಿದ್ದವು. ಮಣ್ಣಿನ ಮಾದರಿಯ ಬಾಟಲಿ ತುಂಬಿದ ಕಪಾಟು ಮೈಮೇಲೆ ಬಿತ್ತೆಂದು ಮೊದಲು ಎಲ್ಲರೂ ನಂಬಿದ್ದರು. ಕಪಾಟು ಬೀಳುವ ಮೊದಲೇ ಪೆಟ್ಟು ಬಿದ್ದಿತ್ತು ಎಂದು ಮರಣೋತ್ತರ ಪರೀಕ್ಷೆ ಹೇಳಿತು. ಮಣ್ಣು ತೆಗೆಯುವ ಕಬ್ಬಿಣದ ಕೊಳವೆಯೊಂದು ಕೋಣೆಯಿಂದ ಕಾಣೆಯಾಗಿತ್ತು. ಕೊಲೆಯ ಅನುಮಾನದ ಮೇಲೆ ಎಕ್ಕಂಬಿಯ ರೈತ ಚೌಡ ಈಗ ಠಾಣೆಯ ಲಾಕಪ್ಪಿನಲ್ಲಿದ್ದ.

"ಇದು ನಡುವಿನದು," ಅನುಶ್ರೀ ಎಡಗಡೆಯ ಕುಂಡ ತೋರಿಸಿದಳು. "ಬಲಗಡೆಯದು ಪೂರ್ವದ ಬದುವಿನ ಹತ್ತಿರದ್ದು. ಮಣ್ಣು ತಾನಾಗಿ ಚೇತರಿಸಿಕೊಂಡಿದ್ದರೆ ಎಲ್ಲ ಕಡೆಗೂ ಚೇತರಿಸಿಕೊಳ್ಳಬೇಕಿತ್ತಲ್ಲ?"

ಚಿರಂತನ ಕೇಂದ್ರದ ಸಂಶೋಧಕ. ಹೆಗಡೆಕಟ್ಟಾದ ಹುಡುಗ. ದೂರದ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಪರಮೇಶ್ವರಪ್ಪನವರ ಕೈಕೆಳಗೆ ದುಡಿಯಲು ಬಂದವನು. ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ನೇರಳೆ ಎಲೆಯನ್ನು ಬೆರಳಲ್ಲಿ ಸವರಿದ.

"ರಂಜಕ ಇಲ್ಲ. ಸಾರಜನಕವೂ ಇಲ್ಲ. ಇದು ಹಸಿದ ಮಣ್ಣು ಮೇಡಂ. ಈಗಲೂ ಹಸಿದೇ ಇದೆ."

ಈ ಕೇಂದ್ರದ ಹೆಸರು ನಿಂತಿದ್ದೇ ಆ ಒಂದು ತಾಕಿನ ಮೇಲೆ. ಗುಡ್ನಾಪುರ ಕೆರೆಯ ದಂಡೆಯಲ್ಲಿ ಎರಡು ದಶಕಗಳಿಂದ ನಡೆದ ಪ್ರಯೋಗ. ಒಂದು ತಾಕಿಗೆ ಬರೀ ರಾಸಾಯನಿಕದ ಸರ್ಕಾರಿ ಗೊಬ್ಬರ, ಒಂದಕ್ಕೆ ಬರೀ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ಎರಡೂ ಅರ್ಧರ್ಧ. ಕೊನೆಯದಕ್ಕೆ ಏನೂ ಇಲ್ಲ. ಊರವರು ಅದನ್ನು ಉಪವಾಸದ ತಾಕು ಎಂದೇ ಕರೆಯುತ್ತಿದ್ದರು.

ಅದು ಮೊದಲ ಕೆಲವು ವರ್ಷ ಸೊರಗಿತು. ಆಮೇಲೆ ನಿಧಾನವಾಗಿ ಮೇಲೆದ್ದಿತು. ಭತ್ತದ ಇಳುವರಿ ಏರಿತು, ಎರೆಹುಳ ಬಂತು. ಮಣ್ಣಿಗೆ ಯಾರ ಹಂಗೂ ಬೇಡ, ಬಿಟ್ಟರೆ ತನ್ನ ಹೊಟ್ಟೆ ತಾನೇ ಹೊರೆದುಕೊಳ್ಳುತ್ತದೆ ಎಂದು ಪರಮೇಶ್ವರಪ್ಪ ಪ್ರಪಂಚಕ್ಕೆಲ್ಲ ಸಾರಿದರು. ಬಸ್ಸುಗಟ್ಟಲೆ ರೈತರು ಬಂದರು. ಬದುವಿನ ಮೇಲೆ ಚಪ್ಪಲಿ ಕಳಚಿ, ಆ ಮಣ್ಣನ್ನು ಕಣ್ಣಿಗೊತ್ತಿಕೊಂಡು ಹೋದರು.

"ತಾಕಿನ ಅರ್ಧಭಾಗ ಸೊರಗಿದ್ದು ನಿಮಗೆ ಕಾಣಲಿಲ್ಲವಾ?"

"ಕಾಣ್ತಿತ್ತು. ಪಶ್ಚಿಮಕ್ಕೆ ಮತ್ತಿಮರ ಇದೆ, ಬೇರು ಸಾರ ಹೀರತ್ತೆ ಅಂತಿದ್ದರು ಪರಮೇಶ್ವರಪ್ಪ ಸರ್. ನಾನೂ ಹೌದೆಂದುಕೊಂಡೆ."

"ಪರೀಕ್ಷೆಗೆ ಮಣ್ಣು ತೆಗೆಯುತ್ತಿದ್ದವರು ಯಾರು?"

ಚಿರಂತನ ತಲೆ ಎತ್ತಿದ. ಆ ಪ್ರಶ್ನೆಯನ್ನು ತಾನೇ ತನಗೆ ಎಂದೂ ಕೇಳಿಕೊಂಡಿರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು.

"ಬೇರೆ ತಾಕುಗಳದ್ದು ನಾವೇ. ಇದೊಂದರದ್ದು ಮಾತ್ರ ಸರ್ ಅವರೇ ತೆಗೀತಿದ್ದರು. ಯಾರನ್ನೂ ಒಳಗೆ ಬಿಡ್ತಿರಲಿಲ್ಲ."

ಅವನು ಎದ್ದು ನಿಂತ. ನಗಲು ನೋಡಿದ, ಆಗಲಿಲ್ಲ.

"ಎಂತಾ ಅವಸ್ಥೆ ಮೇಡಂ. ನನ್ನ ಎಂಟು ವರ್ಷ ಗೊಬ್ಬರಕ್ಕೆ ಹೋಯ್ತು."

"ಗೊಬ್ಬರ ನೀವೇ ಹಾಕಿರಬಹುದಲ್ಲ?"

"ನಾನು ಬರೋದಕ್ಕೂ ಮೊದಲೇ ಇಳುವರಿ ಏರಿತ್ತು," ಎಂದ ಅವನು. ಸಿಟ್ಟೂ ಇರಲಿಲ್ಲ ಆ ಮಾತಿನಲ್ಲಿ. "ಎಂಥ ಗೊಬ್ಬರ ಬಿದ್ದಿದೆ ಅಂತ ಬೇಕಾದರೆ ಇನ್ನೊಮ್ಮೆ ಅಗೆದು ನೋಡಿ."

ಇಬ್ಬರೂ ತಾಕಿಗೆ ಇಳಿದರು.

ಭತ್ತ ಕೊಯ್ದು ಮುಗಿದಿತ್ತು. ಮಾಗಿಯ ಬಿಸಿಲಿಗೆ ಕೂಳೆ ಒಣಗಿ ಕಾಲಿಗೆ ಚುಚ್ಚುತ್ತಿತ್ತು. ನಡುವೆ ಗುದ್ದಲಿ ಹಾಕಿದರೆ ಠಣ್ ಎಂದಿತು. ಹೆಂಟೆ ಬೂದು ಬಣ್ಣದ್ದು, ಒಡೆದರೆ ಪುಡಿಯಾಗದೆ ಚೂರುಚೂರಾಯಿತು. ಪೂರ್ವದ ಬದುವಿಗೆ ಬಂದಾಗ ಗುದ್ದಲಿ ಸದ್ದಿಲ್ಲದೆ ಇಳಿಯಿತು. ಮಣ್ಣು ಕಪ್ಪಗೆ, ಹುಡಿಹುಡಿಯಾಗಿ ಎದ್ದು ಬಂತು. ಎರೆಹುಳವೊಂದು ಬಿಸಿಲು ಕಂಡು ಮುದುಡಿತು.

ಅನುಶ್ರೀ ಆ ಮಣ್ಣನ್ನು ಅಂಗೈಯಲ್ಲಿ ಹರಡಿದಳು. ಸುಟ್ಟ ಹೊಟ್ಟಿನ ಕರಿ. ಹುಣಸೆಬೀಜದ ಸಿಪ್ಪೆ. ಬೂದಿಯ ಗಂಟು.

"ಕೇಂದ್ರದ ಗೊಬ್ಬರದಲ್ಲಿ ಇದೆಲ್ಲ ಇರುತ್ತದಾ?"

"ಇಲ್ಲ. ನಮ್ಮದು ಜರಡಿ ಹಿಡಿದ ಸಗಣಿ ಗೊಬ್ಬರ. ಇದು ಮನೆ ತಿಪ್ಪೆಯದು."

ಇನ್ನೊಮ್ಮೆ ಬೆರಳಾಡಿಸಿದಾಗ ಏನೋ ಚುಚ್ಚಿತು. ಹಸಿರು ಬಳೆಯ ಚೂರು. ಮಣ್ಣಿನಲ್ಲಿ ಎಷ್ಟೋ ವರ್ಷ ಬಿದ್ದು ಹೊಳಪು ಹೋಗಿತ್ತು. ಪಕ್ಕದಲ್ಲೇ ಮತ್ತೊಂದು.

ಅನುಶ್ರೀ ನಿಂತಲ್ಲೇ ನಿಂತಳು.

ಮಣ್ಣಿನ ಕೋಣೆಯ ನೆಲದಲ್ಲಿ, ಒಡೆದ ಬಾಟಲಿಗಳ ನಡುವೆ, ಒಂದು ಹಿಡಿ ಹಸಿ ಮಣ್ಣು ಬಿದ್ದಿತ್ತು. ಬಾಟಲಿಯ ಮಣ್ಣೆಲ್ಲ ಒಣಗಿಸಿ ಸೋಸಿದ್ದು. ಇದೊಂದು ಹೊರಗಿನಿಂದ ಬಂದದ್ದು ಎಂದು ಅವಳಿಗೆ ಆ ದಿನವೇ ಅನಿಸಿತ್ತು. ಅದನ್ನು ಕಟ್ಟಿಡುವಾಗ ಹಸಿರು ಗಾಜಿನ ಒಂದು ಸೀಳು ಸಿಕ್ಕಿತ್ತು. ಬಾಟಲಿಯದ್ದೆಂದು ಬರೆಸಿದ್ದಳು. ಬಾಟಲಿಗಳೆಲ್ಲ ಬಿಳಿಯವು ಎಂಬುದು ಈಗ ನೆನಪಾಯಿತು.

ಸಾಯುವ ಹೊತ್ತಿಗೆ ಪರಮೇಶ್ವರಪ್ಪನವರ ಮುಂದೆ ಯಾರೋ ಈ ಕಪ್ಪು ಮಣ್ಣನ್ನು ಸುರಿದಿದ್ದರು.

ಪೂರ್ವದ ಬದುವಿನ ಆಚೆಗೆ ಇದ್ದದ್ದು ಒಂದೇ ಮನೆ. ಪ್ರಯೋಗಕ್ಕೆ ಜಮೀನು ಬಿಟ್ಟುಕೊಟ್ಟ ದ್ಯಾಮಪ್ಪನದು. ಅವನು ತೀರಿಕೊಂಡು ವರ್ಷಗಳಾಗಿದ್ದವು. ಹೆಂಡತಿ ಪಾರ್ವತವ್ವ ಒಬ್ಬಳೇ ಎರಡು ಎಮ್ಮೆ ಕಟ್ಟಿಕೊಂಡು ಹಾಲು ಹಾಕುತ್ತಿದ್ದಳು.

ಅನುಶ್ರೀ ಚಿರಂತನನನ್ನು ಅಲ್ಲೇ ಬಿಟ್ಟು ಬದು ದಾಟಿದಳು.

ಪಾರ್ವತವ್ವ ಹಿತ್ತಲಲ್ಲಿ ತಿಪ್ಪೆಯ ಬದಿಗೆ ಸಗಣಿ ಎತ್ತಿ ಹಾಕುತ್ತಿದ್ದಳು. ಖಾಕಿ ಕಂಡು ಕೈ ತೊಳೆದುಕೊಂಡಳು. ಅವಸರವೇನೂ ಪಡಲಿಲ್ಲ.

"ಬರ್ರಿ ಮೇಡಮ್ಮಾರ. ಕುಂದರ್ರಿ. ಚಾ ಮಾಡ್ಲೇನು?"

"ಬೇಡ ಪಾರ್ವತವ್ವಾ. ಒಂದು ಮಾತು ಕೇಳಿ ಹೋಗ್ತೇನೆ." ಅನುಶ್ರೀ ಅಂಗೈ ಚಾಚಿದಳು. "ಇವು ಯಾರ ಬಳೆ?"

ಪಾರ್ವತವ್ವ ಬಗ್ಗಿ ನೋಡಿದಳು. ಮತ್ತೆ ನೆಟ್ಟಗಾದಳು. ಅವಳ ಕೈ ಬರಿದಾಗಿತ್ತು.

"ನನ್ನವ. ನಮ್ಮ ಮನಿಯವ್ರು ಇದ್ದಾಗಿನವು. ಹಸರ ಬಳಿ ಇಟ್ಟು ಯಾವ ಕಾಲಾತು."

"ಉಪವಾಸದ ತಾಕಿನಲ್ಲಿ ಸಿಕ್ಕವು."

"ಸಿಗ್ತಾವ. ತಿಪ್ಪಿಯೊಳಗ ಎಲ್ಲಾ ಬೀಳತೈತಿ. ಬುಟ್ಟಿ ತುಂಬುವಾಗ ಆರಿಸಕೋತ ಕುಂದರಾಕ ಆಗತೈತೇನ್ರಿ?"

ಅನುಶ್ರೀ ಸಿದ್ಧಮಾಡಿಕೊಂಡಿದ್ದ ಪ್ರಶ್ನೆಗಳೆಲ್ಲ ಅಲ್ಲಿಗೇ ಮುಗಿದುಹೋದವು.

"ಅಂದರೆ ಗೊಬ್ಬರ ಹಾಕ್ತಿದ್ದವರು ನೀವೇ."

"ನಾನ ಹಾಕೀನಿ. ಮಣ್ಣಿಗೆ ಗೊಬ್ಬರ ಹಾಕಿದ್ದಕ್ಕ ಯಾವ ಕೇಸು ಬೀಳತೈತ್ರಿ? ಹೇಳ್ರಿ, ಬರ್ತೀನಿ."

"ಯಾಕೆ ಹಾಕಿದ್ರಿ?"

ಪಾರ್ವತವ್ವ ಬಾಗಿಲ ಕಡೆ ಕೈ ಮಾಡಿದಳು. "ಆ ಬಾಗಿಲದಾಗ ನಿಂತು ನೋಡ್ರಿ. ಏನ್ ಕಾಣತೈತಿ?"

ಬಾಗಿಲಿನಿಂದ ನೇರ ಎದುರಿಗೆ ಉಪವಾಸದ ತಾಕು.

"ನಮ್ಮ ಗದ್ದಿಯೊಳಗ ಅದ ಚಲೋ ತುಣುಕು. ಸಾಹೇಬ್ರು ದೊಡ್ಡ ಮನಿಷ್ಯಾರು, ಊರಿಗೆ ಚಲೋ ಆಗತೈತಿ ಅಂದ್ರು, ನಮ್ಮ ಮನಿಯವ್ರು ಕೊಟ್ರು. ಹಗ್ಗ ಹಿಡದು ಅಳದು, ಇದಕ್ಕ ಏನೂ ಹಾಕಂಗಿಲ್ಲ ಅಂದ್ರು. ಸೀಗಿ ಹುಣ್ಣಿಮಿಗೆ ಎಲ್ಲಾ ಗದ್ದಿಗೂ ಚರಗದ ಅನ್ನ ಚೆಲ್ಲಿಕೋತ ಬಂದ್ನಿ. ಈ ತುಣುಕಿಗೆ ಬಂದಾಗ ಸಾಹೇಬ್ರು ಕೈ ಹಿಡದ್ರು. ಒಂದು ಅನ್ನದ ಅಗಳೂ ಬೀಳಬಾರ್ದಂತ. ಆವತ್ತು ಬಸರಿ ಇರ್ತಾಳ್ರಿ ಭೂಮಿತಾಯಿ. ಬಸರಿ ಬಾಯಿಗೆ ತುತ್ತು ಇಡಬ್ಯಾಡ ಅಂತ ಯಾರಾರ ಅಂತಾರೇನ್ರಿ?"

ಅವಳ ದನಿ ಗಟ್ಟಿಯಾಗುತ್ತ ಹೋಯಿತು.

"ದಿನಾ ಬೆಳಗಾದ್ರ ಅದರ ಮಾರಿ ನೋಡಬೇಕು. ಪೈರು ಹಳದಿ ಆಗಿ ಸುಳಿ ಒಣಗೋದು ನೋಡಬೇಕು. ಕೆಲವು ವರ್ಷ ತಡಕೊಂಡ್ನಿ. ಆಮ್ಯಾಲ ಆಗ್ಲಿಲ್ಲ. ಬುಟ್ಟಿ ಹೊತ್ನಿ. ಮುದುಕಿ ಕೈ, ಬದುವಿನಿಂದ ಎಷ್ಟು ದೂರ ಚೆಲ್ಲೀತು? ಈ ಕಡೀದು ಅಷ್ಟ ಮುಟ್ಟಿತು."

ಅನುಶ್ರೀ ಬಳೆಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿದಳು. ಆಮೇಲೆ ಲಾಕಪ್ಪಿನ ಮೂಲೆಯಲ್ಲಿ ಮೊಣಕಾಲಿಗೆ ಹಣೆ ಹಚ್ಚಿ ಕೂತ ಚೌಡ ಕಣ್ಣ ಮುಂದೆ ಬಂದ.

"ಚೌಡ ಯಾರು ಅಂತ ಗೊತ್ತಾ ನಿಮಗೆ?"

"ಗೊತ್ತೈತಿ."

"ಆ ತಾಕು ನೋಡಿ, ಇಲ್ಲಿಯ ಮಣ್ಣು ಮುಟ್ಟಿ ನೋಡಿ, ತನ್ನ ಗದ್ದೆಗೂ ಗೊಬ್ಬರ ನಿಲ್ಲಿಸಿದ. ಗೊಬ್ಬರವೇ ಬೇಡ ಅಂದ ಮೇಲೆ ದನ ಯಾಕೆ ಅಂತ ಕೊಟ್ಟಿಗೆ ಖಾಲಿ ಮಾಡಿದ. ಇಳುವರಿ ಬಿದ್ದಾಗ ಪರಮೇಶ್ವರಪ್ಪನವರು, ಇನ್ನೂ ಸ್ವಲ್ಪ ತಾಳು, ಮಣ್ಣು ಎದ್ದೇಳ್ತದೆ ಅಂದರು. ತಾಳಿದ. ಈಗ ಅಲ್ಲಿ ಜೊಳ್ಳು ಬಿಟ್ಟು ಏನೂ ಬೆಳೀತಿಲ್ಲ. ಇಂಥವರು ಈ ಸೀಮೆಯಲ್ಲಿ ಎಷ್ಟು ಜನ ಇದ್ದಾರೋ. ನೀವು ಒಂದು ತುಣುಕಿಗೆ ಉಣಿಸಿದಿರಿ ಪಾರ್ವತವ್ವಾ, ಹತ್ತಾರು ಗದ್ದೆ ಉಪವಾಸ ಸತ್ತವು."

ಪಾರ್ವತವ್ವ ತುಟಿ ಬಿಗಿದು ಕೇಳಿಸಿಕೊಂಡಳು.

"ಚೌಡ ನನ್ನ ಮಾತು ನಂಬಿದ್ನೇನ್ರಿ?"

"ಏನು?"

"ನಾ ಅಂವಗ ಗೊಬ್ಬರ ಬಿಡು ಅಂದಿದ್ನೇನು? ನನ್ನ ಮಾತು ಈ ಊರಾಗ ಯಾರು ಕೇಳ್ತಾರ? ಸಾಹೇಬ್ರು ಹೇಳಿದ್ರು, ಕೇಳಿದ್ರು. ಸಾಹೇಬ್ರಿಗೆ ಎಲ್ಲಾ ಗೊತ್ತಿತ್ತು."

ಕೆರೆಯ ಕಡೆಯಿಂದ ಬೀಸಿದ ಗಾಳಿಗೆ ಹುಲ್ಲಿನ ಬಣವೆ ಸರಸರ ಎಂದಿತು.

"ಏನು ಗೊತ್ತಿತ್ತು?" ಅನುಶ್ರೀ ನಿಧಾನವಾಗಿ ಕೇಳಿದಳು.

"ನಾ ಹಾಕೋದು. ಒಂದಿನ ಬುಟ್ಟಿ ತಲಿಮ್ಯಾಲ ಇದ್ದಾಗ ಎದುರಿಗೇ ಬಂದ್ರು. ಕಾಲಿಗೆ ಬೀಳೋಣು ಅನ್ಕೊಂಡ್ನಿ. ಅವ್ರು ನನ್ನ ಮಾರಿ ನೋಡ್ಲಿಲ್ಲ, ಗದ್ದಿ ನೋಡಿದ್ರು. ಪೈರು ಹಸರ ಆಗಿತ್ತು. ಸುಮ್ನ ಹೊಳ್ಳಿ ಹೋದ್ರು. ಮುಂದಿನ ವರ್ಷ ಕೇಂದ್ರದ ಟ್ರ್ಯಾಕ್ಟರ್ ಬಂದು, ಈ ಹಿತ್ತಲದಾಗ ಗೊಬ್ಬರ ಕೆಡವಿ ಹೋತು. ಅದರ ಮುಂದಿನ ವರ್ಷಾನೂ ಬಂತು. ಯಾಕಂತ ನಾ ಕೇಳ್ಲಿಲ್ಲ. ಯಾಕಂತ ಅವ್ರೂ ಹೇಳ್ಲಿಲ್ಲ."

ಅನುಶ್ರೀ ಅಲ್ಲಿದ್ದ ಕಲ್ಲಿನ ಮೇಲೆ ಕೂತಳು.

ಸಿದ್ದಾಪುರದ ಕಾಲೇಜಿನಲ್ಲಿ ಓದುವಾಗ ಪರಮೇಶ್ವರಪ್ಪನವರ ಭಾಷಣ ಕೇಳಿದ್ದಳು. ಅಪ್ಪನನ್ನೂ ಒತ್ತಾಯಿಸಿ ಕರೆದುಕೊಂಡು ಹೋಗಿದ್ದಳು. ವೇದಿಕೆಯ ಮೇಲೆ ಆ ಮನುಷ್ಯ ಒಂದು ಹಿಡಿ ಮಣ್ಣು ಎತ್ತಿ ಹಿಡಿದಾಗ ಸಭೆ ಉಸಿರು ಬಿಗಿಹಿಡಿದಿತ್ತು. ಅಪ್ಪ ಮಾತ್ರ ಮನೆಗೆ ಬಂದವನೇ ಎಂದಿನಂತೆ ಸೊಪ್ಪು ಕಡಿದು ಕೊಟ್ಟಿಗೆಗೆ ಹಾಸಿದ್ದ. ನಿನಗೆ ಹೊಸತು ಯಾವುದೂ ತಲೆಗೆ ಹತ್ತುವುದಿಲ್ಲ ಎಂದು ಅವಳು ಅವನ ಮೇಲೆ ರೇಗಿದ್ದಳು.

ತಾನು ಹುಡುಕುತ್ತಿದ್ದದ್ದು ಒಬ್ಬ ಒಳ್ಳೆಯವನನ್ನು ಕೊಂದವರನ್ನು ಎಂದುಕೊಂಡಿದ್ದಳು. ಈಗ ಕೊಲೆಗಾರನ ಮೇಲೆ ಬರಬೇಕಾದ ಸಿಟ್ಟು ಸತ್ತವನ ಮೇಲೇ ಬರುತ್ತಿತ್ತು. ಬಂದರೂ ಕೆಲಸ ಕೆಲಸವೇ.

"ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀರಾ?"

ಪಾರ್ವತವ್ವ ಮೊದಲ ಸಲ ತಡವರಿಸಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹೇಳ್ರಿ ಪಾರ್ವತವ್ವಾ. ಒಬ್ಬ ಮನುಷ್ಯ ಒಳಗಿದ್ದಾನೆ."

"ಅಂವನ ಹೆಂಡ್ತಿಗೆ ಹೇಳೀನಿ. ಗಂಗಿಗೆ."

"ಯಾವಾಗ?"

"ಸಾಹೇಬ್ರು ಸತ್ತ ದಿನಾನ. ಮುಂಜಾನಿ ಬಂದಿದ್ಲು. ಸಾಹೇಬ್ರನ್ನ ಕಾಣಾಕ ಬಂದಾಕಿಗೆ ಗೇಟಿನಾಗಿಂದ ಹೊಳ್ಳಿ ಕಳಿಸಿದ್ರಂತ. ಇಲ್ಲಿ ನೀರು ಕುಡ್ಯಾಕ ಬಂದ್ಲು. ಅತ್ಲು ನೋಡ್ರಿ, ಹೆಂಗ ಅತ್ಲು ಅಂತೀರಿ. ತಪ್ಪು ತಮ್ದ ಇರಬೇಕು, ನಮ್ಮ ಗದ್ದಿಗೆ ಏನೋ ಶಾಪ ಐತಿ ಅಂದ್ಲು. ಅದನ್ನ ಕೇಳಿ ನನ್ನ ಹೊಟ್ಟ್ಯಾಗ ಕಿಚ್ಚು ಬಿತ್ತು. ಶಾಪ ಅಲ್ಲ ಬೇ, ಗೊಬ್ಬರ ಅಂದ್ನಿ. ಎಲ್ಲಾ ಹೇಳಿಬಿಟ್ನಿ."

"ಆಮೇಲೆ?"

"ಅಳೋದು ನಿಲ್ಲಿಸಿದ್ಲು. ಒಂದು ಮಾತು ಆಡ್ಲಿಲ್ಲ. ಬದುವಿಗೆ ಹೋಗಿ ಕುಂತು, ಕೈಲೇ ಮಣ್ಣು ಕೆದರಿ, ಸೆರಗಿನಾಗ ಕಟ್ಟಿಕೊಂಡು ಹೋದ್ಲು."

ಹಸಿ ಮಣ್ಣು. ಹಸಿರು ಗಾಜು. ಮಣ್ಣಿನ ಕೋಣೆಗೆ ಅದು ಹೇಗೆ ಬಂತೆಂದು ಅನುಶ್ರೀಗೆ ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

ಗಂಗೆ! ಗಂಡನನ್ನು ಹಿಡಿದ ದಿನದಿಂದ ಠಾಣೆಯ ಹೊರಗಿನ ಹಲಸಿನ ಮರದ ಬುಡದಲ್ಲಿ ಬುತ್ತಿ ಇಟ್ಟುಕೊಂಡು ಕೂರುವ ಹೆಂಗಸು. ಆ ದಿನ ಎಲ್ಲಿದ್ದೆ ಎಂದರೆ, ಮನೆಯಲ್ಲೇ ಇದ್ದೆ ಅಮ್ಮಾ ಎಂದು ಕೈ ಮುಗಿದವಳು. ಚೌಡ ಅದೇ ಪ್ರಶ್ನೆಗೆ ಬಾಯಿಯನ್ನೇ ಬಿಟ್ಟಿರಲಿಲ್ಲ. ಅವನ ಮೌನವನ್ನು ಅನುಶ್ರೀ ತಪ್ಪಿತಸ್ಥನ ಮೌನವೆಂದು ಓದಿದ್ದಳು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರಿ?" ಪಾರ್ವತವ್ವ ಎಂದಳು. "ನೀವು ಬಂದ್ರಿ, ಸಾಹೇಬ್ರು ಹೆಂಗಿದ್ರು ಅಂತ ಕೇಳಿದ್ರಿ. ಚಲೋ ಇದ್ರು ಅಂದ್ನಿ. ಬರಕೊಂಡು ಹೋದ್ರಿ."

ಜೇಬಿನಲ್ಲಿ ಫೋನು ಗುರುಗುಟ್ಟಿತು. ಹೆಡ್ ಕಾನ್‌ಸ್ಟೆಬಲ್ ಸೀತಾರಾಮ.

"ಸೀತಾರಾಮ್, ಗಂಗೆ ಅಲ್ಲೇ ಇದ್ದಾಳಾ? ಕಳಿಸಬೇಡಿ ಅವಳನ್ನು."

"ಹೋಗಿ ಸುಮಾರು ಹೊತ್ತಾಯ್ತು ಮೇಡಂ. ಆದರೆ ಇಲ್ಲಿ ಬೇರೆ ವಿಷಯ ಉಂಟು. ಚೌಡ ಒಪ್ಕೊಂಡ."

ಅನುಶ್ರೀ ಎದ್ದು ನಿಂತಳು. "ಎಂತ?"

"ತಾನೇ ಹೊಡೆದದ್ದು ಅಂದ. ಗಂಗೆ ಬುತ್ತಿ ತಂದಿದ್ಲಲ್ಲ, ಪಾಪ, ಸ್ವಲ್ಪ ಮಾತಾಡ್ಲಿ ಬಿಡಿ ಅಂತ ಬೆಳಿಗ್ಗೆ ನೀವೇ ಹೇಳಿ ಹೋಗಿದ್ರಿ. ಅವಳು ಕಂಬಿ ಹಿಡಿದು ಏನೋ ಮೆಲ್ಲಗೆ ಹೇಳಿದ್ಲು. ಅವಳು ಹೋದ ಮೇಲೆ ಅಂವ ಊಟ ಮುಟ್ಟಲಿಲ್ಲ, ಗೋಡೆ ನೋಡ್ತಾ ಕೂತ. ಈಗ ಕರೆದು, ಬರ್ಕೊಳ್ಳಿ, ನಾನೇ ಕೊಂದೆ ಅಂದ."

"ಹೆಂಡತಿ ಹೇಳಿಕೊಟ್ಟದ್ದನ್ನು ಒಪ್ಪಿಸ್ತಿದ್ದಾನೆ ಸೀತಾರಾಮ್. ಅವನಿಗೆ ಏನೂ ಗೊತ್ತಿಲ್ಲ."

"ಗೊತ್ತುಂಟು ಮೇಡಂ." ಸೀತಾರಾಮ ದನಿ ತಗ್ಗಿಸಿದ. "ನೆಲಕ್ಕೆ ಒತ್ತಿ ಮಣ್ಣು ತೆಗೆಯುವ ಆ ಕಬ್ಬಿಣದ ಕೊಳವೆ ಕಾಣೆಯಾಗಿತ್ತಲ್ಲ? ಅದರಲ್ಲೇ ಹೊಡೆದೆ ಅಂದ."

ಆ ಕೊಳವೆ ಕಾಣೆಯಾದ ಸುದ್ದಿ ಚಿರಂತನ ಮತ್ತು ಪೊಲೀಸರನ್ನು ಬಿಟ್ಟು ಹೊರಗೆ ಯಾರಿಗೂ ಹೋಗಿರಲಿಲ್ಲ. ಗಂಡನಿಗೆ ಹೇಳಿಕೊಟ್ಟವಳು ಗಂಗೆಯಾದರೆ, ಅವಳಿಗೆ ಅದು ಹೇಗೆ ಗೊತ್ತು ಎಂಬುದಕ್ಕೆ ಒಂದೇ ಉತ್ತರ ಇರುವಂತಿತ್ತು.

"ಎಲ್ಲಿ ಬಚ್ಚಿಟ್ಟಿದ್ದಾನಂತೆ?"

"ಅದನ್ನೇ ಹೇಳೋಕೆ ಮಾಡಿದೆ, ನೀವು ಅಲ್ಲೇ ಹತ್ತಿರ ಇದ್ದೀರಲ್ಲ ಅಂತ. ಪಾರ್ವತವ್ವನ ತಿಪ್ಪೆಯಲ್ಲಿ ಹುಗಿದಿದ್ದೇನೆ ಅಂದ. ಮತ್ತೊಂದು ಮಾತೂ ಹೇಳಿದ ಮೇಡಂ. ಹುಗಿಯೋಕೆ ಗುಂಡಿ ತೋಡಿಕೊಟ್ಟದ್ದು ಆ ಮುದುಕಿಯೇ ಅಂತೆ."

ಅನುಶ್ರೀ ಫೋನು ಕಿವಿಯಿಂದ ಇಳಿಸಿ ತಿರುಗಿದಳು.

ಪಾರ್ವತವ್ವ ಸಗಣಿಯ ಬುಟ್ಟಿ ಎತ್ತಿಕೊಂಡು ತಿಪ್ಪೆಯ ಕಡೆ ಹೊರಟಿದ್ದವಳು ನಿಂತಿದ್ದಳು. ತಿಪ್ಪೆಯ ಒಂದು ಮಗ್ಗುಲು ಹಳೆಯದು, ಒಣಗಿ ಬಿರುಕು ಬಿಟ್ಟಿತ್ತು. ಇನ್ನೊಂದು ಮಗ್ಗುಲಿನ ಮೇಲೆ ಹಸಿ ಸಗಣಿ ದಪ್ಪಗೆ ಮೆತ್ತಿತ್ತು. ಎರಡು ಎಮ್ಮೆಗಳ ಸಗಣಿ ದಿನವೂ ಅದೊಂದೇ ಜಾಗಕ್ಕೆ ಬಿದ್ದಂತಿತ್ತು.

"ಪಾರ್ವತವ್ವಾ, ಬುಟ್ಟಿ ಕೆಳಗಿಡಿ. ಅಲ್ಲಿ ಕೆಳಗೆ ಏನಿದೆ?"

ಅಷ್ಟು ಹೊತ್ತು ಪ್ರತಿ ಮಾತಿಗೂ ಮಾತು ಕೊಟ್ಟಿದ್ದ ಮುದುಕಿ ಬಾಯಿ ಬಿಡಲಿಲ್ಲ. ಬುಟ್ಟಿಯನ್ನೂ ಕೆಳಗಿಡಲಿಲ್ಲ.